ಮಾಲತಿ ನರ್ಸಬಾಯಿ ಕೇಬಲ್ ಮೇಲೆ ಪಾಠ ಕಲಿತದ್ದು

ಮೂರು ತಾಲೂಕಿನ ನರ್ಸುಗಳಿಗೆ ಮೂರು ಬಗೆಯ ಮಿಷಿನ್ನಿನಲ್ಲಿ ಪಾಠ ಹೇಳಿಸಿ, ಯಾವ ಮಿಷಿನ್ನು ಮೇಲು ಎಂದು ತೂಗಿ ನೋಡಲು ಬಂದ ಸಂಸ್ಥೆಯವರು ಕೊನೆಗೆ ಒಂದು ವರದಿ ಬರೆದರು. ದಪ್ಪ ವರದಿ, ಬಣ್ಣದ ರಟ್ಟು. ಅದರಲ್ಲಿ ಒಂದು ಸಾಲು ಹೀಗಿದೆ: ‘ಹೊನ್ನಾವರ ತಾಲೂಕಿನ ಒಬ್ಬ ಅಭ್ಯರ್ಥಿಯ ಅಂಕಗಳನ್ನು ಹೊರಗಿನ ಹಸ್ತಕ್ಷೇಪದ ಕಾರಣ ಗಣನೆಗೆ ತೆಗೆದುಕೊಂಡಿಲ್ಲ.’

ಆ ಹೊರಗಿನ ಹಸ್ತಕ್ಷೇಪ ಅಂದರೆ ನಾನು. ನನಗೊಂದು ಹೆಸರಿದೆ, ಕೃಷ್ಣಾನಂದ. ಮಾವಿನಕುರ್ವೆಗೆ ಬಂದು ಯಾರನ್ನು ಕೇಳಿದರೂ ಕೇಬಲ್ ಆನಂದನ ಮನೆ ತೋರಿಸುತ್ತಾರೆ. ಅಷ್ಟು ದಪ್ಪ ಪುಸ್ತಕದಲ್ಲಿ ಒಬ್ಬ ಮನುಷ್ಯನ ಹೆಸರು ಬರೆಯಲು ಜಾಗ ಇರಲಿಲ್ಲವೇ? ಇಷ್ಟು ವರ್ಷವಾದರೂ ಆ ಸಾಲು ನೆನಪಾದರೆ ಊಟದ ಬಟ್ಟಲು ದೂಡಿ ಎದ್ದುಬಿಡುತ್ತೇನೆ. ಹೆಂಡತಿ ಬಟ್ಟಲನ್ನು ಮತ್ತೆ ಈಚೆ ದೂಡುತ್ತಾಳೆ. ಮೀನಿದ್ದರೆ ಕೂರುತ್ತೇನೆ.

ಆ ‘ಒಬ್ಬ ಅಭ್ಯರ್ಥಿ’ಗೂ ಹೆಸರಿತ್ತು. ಮಾಲತಿ. ಹೊಳೆಯ ನಡುವಿನ ನಮ್ಮ ಕುರ್ವೆಯ ಆರೋಗ್ಯ ಉಪಕೇಂದ್ರದ ನರ್ಸಬಾಯಿ.

ಆಕೆಯ ಹುಟ್ಟೂರು ಕುಮಟೆ ತಾಲೂಕಿನ ಸಾಣಿಕಟ್ಟೆ. ತಂದೆ ಉಪ್ಪಿನ ಆಗರದಲ್ಲಿ ದುಡಿದು ದುಡಿದೇ ಹೋದವರು. ನರ್ಸ್ ಆಗಬೇಕೆಂಬ ಕನಸು ಗಿನಸು ಏನೂ ಇರಲಿಲ್ಲವಂತೆ. ಟೀಚರ್ ಟ್ರೇನಿಂಗಿನ ಅರ್ಜಿ ತರಲು ಕಾರವಾರಕ್ಕೆ ಹೋದವಳು ನರ್ಸ್ ಟ್ರೇನಿಂಗಿನ ಸಾಲಿನಲ್ಲಿ ನಿಂತುಬಿಟ್ಟಳು. ಕಿಟಕಿಯ ಬುಡಕ್ಕೆ ಹೋದಾಗ ತಪ್ಪು ತಿಳಿಯಿತು. ಆದರೆ ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಮೇಲೆ ಬರಿಗೈಯಲ್ಲಿ ಹಿಂದೆ ಬರಲು ಆಕೆಗೆ ಮನಸ್ಸಾಗಲಿಲ್ಲ. ಈ ಕಥೆಯನ್ನು ಆಕೆಯೇ ಹೇಳುತ್ತಿದ್ದಳು. ಹೇಳಿ, ಆ ಸಾಲಿನಲ್ಲಿ ತನ್ನ ಹಿಂದೆ ನಿಂತವಳು ಈಗ ಎಲ್ಲಿ ಟೀಚರಾಗಿದ್ದಾಳೋ ಎಂದು ನಗುತ್ತಿದ್ದಳು.

ದನಿ ಎಂದರೆ ದೋಣಿ ಕರೆಯುವ ದನಿ. ಆಗಿನ್ನೂ ನಮಗೆ ಹೊನ್ನಾವರಕ್ಕೆ ದೋಣಿಯೇ ಹತ್ತಿರದ ದಾರಿ. ಆಚೆ ದಡದಲ್ಲಿ ನಿಂತು ಆಕೆ ಒಂದು ಸಲ ಕೂಗಿದರೆ ಈಚೆ ದಡದಲ್ಲಿ ಮಲಗಿದ ಅಂಬಿಗ ಎದ್ದು ಕೂರುತ್ತಿದ್ದ. ಸಿಟ್ಟಿನಲ್ಲಿ ನನಗೆ ಸಮಾನರಾದವರು ಕುರ್ವೆಯಲ್ಲಿ ಯಾರೂ ಇಲ್ಲ ಎಂದು ನಾನು ತಿಳಿದಿದ್ದೆ. ಆಕೆ ಬಂದ ಮೊದಲ ವಾರದಲ್ಲೇ ಆ ಗರ್ವ ಇಳಿಯಿತು. ಟೀವಿಯಲ್ಲಿ ಇರುವೆ ಹರಿದಂತೆ ಕಾಣುತ್ತದೆ ಎಂದು ನನ್ನ ಶೆಡ್ಡಿಗೆ ಬಂದು ಜಗಳ ತೆಗೆದಳು. ನಾನು ಆಕೆಯ ಮನೆಯೆದುರಿನ ಕಂಬ ಹತ್ತಿ ತಂತಿ ಸರಿ ಮಾಡುವಾಗಲೂ ಕೆಳಗೆ ನಿಂತು ಬೈಯುತ್ತಲೇ ಇದ್ದಳು. ಮೇಲಿಂದ ನಾನೂ ಬೈದೆ. ಇಳಿದ ಮೇಲೆ ಆಕೆಯ ತಾಯಿ ಇಬ್ಬರಿಗೂ ಚಾ ಕೊಟ್ಟರು. ಅಲ್ಲಿಂದ ನಾವು ಗೆಳೆಯರೇ ಅನ್ನಬೇಕು, ಜಗಳ ನಿಲ್ಲಲಿಲ್ಲ ಅಷ್ಟೆ.

ನನ್ನ ಶೆಡ್ಡಿನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಕಲಿತದ್ದು ಐದನೇ ಇಯತ್ತೆ. ಮುಂಬಯಿಯಲ್ಲಿ ಟೀವಿ ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತ ಗುಡಿಸುತ್ತ ಕೆಲಸ ಕಲಿತೆ. ಊರಿಗೆ ಬಂದು ಒಂದು ಡಿಶ್ ನಿಲ್ಲಿಸಿ ಮನೆ ಮನೆಗೆ ತಂತಿ ಎಳೆದೆ. ಆಗಿನ ಕೇಬಲ್‌ನವರಿಗೆಲ್ಲ ಒಂದೊಂದು ಸ್ವಂತ ಚಾನೆಲ್ ಇರುತ್ತಿತ್ತು. ಶೆಡ್ಡಿನಲ್ಲಿ ಒಂದು ಕ್ಯಾಸೆಟ್ ಪ್ಲೇಯರ್ ಇಟ್ಟು ಅದರ ತಂತಿಯನ್ನು ಊರಿನ ತಂತಿಗೆ ಸೇರಿಸಿದರೆ ಮುಗಿಯಿತು. ನಾನು ಹಾಕಿದ ಸಿನಿಮಾವನ್ನು ಊರೆಲ್ಲ ನೋಡುತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು.

ಹೀಗಿರುವಾಗ, ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲ ಮುಗಿದ ಹೊತ್ತಿಗೆ, ಆ ಸಂಸ್ಥೆಯವರು ಬಂದರು. ಹೆರಿಗೆ, ಬಾಣಂತನ, ಹುಟ್ಟಿದ ಮಗುವಿನ ಆರೈಕೆ, ಇವುಗಳ ಹೊಸ ಪಾಠವನ್ನು ನರ್ಸುಗಳಿಗೆ ಕಲಿಸಬೇಕು. ಪಾಠ ಒಂದೇ, ದಾರಿ ಮೂರು. ಕುಮಟೆಯವರಿಗೆ ಡಿಶ್. ದೂರದ ಸ್ಟುಡಿಯೋದಲ್ಲಿ ಮಾಸ್ತರರು ಮಾತಾಡಿದ್ದು ಆ ಕ್ಷಣಕ್ಕೇ ಕುಮಟೆಯ ಟೀವಿಯಲ್ಲಿ ಬರುತ್ತದೆ. ಹೊನ್ನಾವರದವರಿಗೆ ಕಂಪ್ಯೂಟರಿನಲ್ಲಿ ಸಿಡಿ. ಭಟ್ಕಳದಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಜೊತೆ ಮಾತಾಡಲು ಹೆಜ್ಜೆಗೊಂದು ಇಂಟರ್ನೆಟ್ ಅಂಗಡಿ ಇತ್ತಲ್ಲ, ಹಾಗಾಗಿ ಅಲ್ಲಿಯವರಿಗೆ ಇಂಟರ್ನೆಟ್.

ಮೂರೂ ಕಡೆ ಉಸ್ತುವಾರಿಗೆ ಶ್ರೀಧರ ಎಂಬ ಒಬ್ಬ ತರುಣ ಇದ್ದ. ಒಳ್ಳೆಯ ಹುಡುಗ, ಬಹಳ ಮೆದು ಮಾತು, ಸದಾ ಬೆವರುತ್ತಿದ್ದ. ಒಂದು ತಾಲೂಕಿನ ಪಾಠದ ದಾರಿ ಇನ್ನೊಂದಕ್ಕೆ ಸೋಕಬಾರದು, ಬೆರಕೆಯಾದರೆ ಯಾವುದರಿಂದ ಯಾರು ಕಲಿತರು ಎಂದು ಗೊತ್ತಾಗುವುದಿಲ್ಲ ಎಂದು ಮೊದಲ ದಿನವೇ ಎಚ್ಚರಿಸಿದ್ದ. ಪಾಪ, ಈ ಕಡೆಯ ಬಸ್ಸುಗಳನ್ನು ಆತ ನೋಡಿರಲಿಲ್ಲ. ಕುಮಟೆಯಲ್ಲಿ ಬೆಳಿಗ್ಗೆ ಆದ ಮಾತು ಮಧ್ಯಾಹ್ನದೊಳಗೆ ಭಟ್ಕಳ ಮುಟ್ಟುತ್ತದೆ. ಕುಮಟೆಯಲ್ಲಿ ಮೋಡ ಕವಿದರೆ ಮಾಸ್ತರರ ಮುಖ ಚೂರು ಚೂರಾಗುತ್ತದಂತೆ. ಭಟ್ಕಳದಲ್ಲಿ ಪಾಠದ ಚಿತ್ರ ಮೇಲಿಂದ ಇಳಿಯುತ್ತ ಇಳಿಯುತ್ತ ಮಗುವಿನ ಹಣೆಯವರೆಗೆ ಬಂದು ನಿಲ್ಲುತ್ತದಂತೆ, ಪಕ್ಕದ ಗೂಡಿನಲ್ಲಿ ಯಾರೋ ದುಬೈಯ ಗಂಡನಿಗೆ ಗ್ಯಾಸ್ ಮುಗಿದದ್ದು ಹೇಳುತ್ತಿರುತ್ತಾರಂತೆ.

ಹೊನ್ನಾವರದ ಸಿಡಿಗೆ ಮೋಡದ ಹೆದರಿಕೆ ಇರಲಿಲ್ಲ. ಆದರೆ ಇಡೀ ತಾಲೂಕಿನ ನರ್ಸುಗಳಿಗೆ ಇದ್ದದ್ದು ಒಂದೇ ಕಂಪ್ಯೂಟರು. ಮೊದಲು ಬಂದವರು ಮುಂದೆ. ನಮ್ಮ ನರ್ಸಬಾಯಿ ಇಂಜೆಕ್ಷನ್ ಗಿಂಜೆಕ್ಷನ್ ಮುಗಿಸಿ, ದೋಣಿ ಕಾದು, ಓಡಿ ಮುಟ್ಟುವ ಹೊತ್ತಿಗೆ ಗೋಡೆಗೆ ಒರಗುವ ಜಾಗ ಮಾತ್ರ ಉಳಿದಿರುತ್ತಿತ್ತು. ಅಲ್ಲಿಂದ ಕಂಡದ್ದು ಮುಂದೆ ಕೂತವರ ಜಡೆ ಮತ್ತು ಅಬ್ಬಲಿಗೆ ಹೂವಿನ ದಂಡೆ. ಮೊದಲನೆಯ ಪರೀಕ್ಷೆಯಲ್ಲಿ ಆಕೆ ನಪಾಸಾದಳು.

ಆಕೆ ಗುತ್ತಿಗೆಯ ನರ್ಸ್. ವರ್ಷ ವರ್ಷ ಮುಂದುವರಿಸಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಕೊನೆಯ ಪರೀಕ್ಷೆಯಲ್ಲೂ ಬಿದ್ದವರನ್ನು ಮುಂದುವರಿಸುವುದಿಲ್ಲ ಎಂದು ಮೇಲಿನವರು ಹೇಳಿಯಾಗಿತ್ತು. ತಾಯಿ, ಓದುವ ತಮ್ಮ, ಇಬ್ಬರೂ ಆಕೆಯ ಸಂಬಳದ ಮೇಲೇ ಇದ್ದವರು. ಮನೆಯಲ್ಲಿ ಓದಿಕೊಳ್ಳಲೆಂದು ಶ್ರೀಧರ ಎಲ್ಲರಿಗೂ ಒಂದೊಂದು ಸಿಡಿ ಕೊಟ್ಟಿದ್ದ. ಕಂಪ್ಯೂಟರ್ ಯಾರ ಮನೆಯಲ್ಲಿದೆ ಎಂದು ಕೇಳಲು ಮರೆತಿದ್ದ.

ನಪಾಸಾದ ದಿನ ಸಂಜೆ ಆಕೆ ಶೆಡ್ಡಿಗೆ ಬಂದು ಬೈಯದೆ ನಿಂತಳು. ನನಗೆ ಹೆದರಿಕೆಯಾಯಿತು.

“ಆನಂದಣ್ಣ, ಇದ್ನ ನಿಮ್ಮ ಮಿಷಿನ್ನಲ್ಲಿ ಆಡ್ಸೂಕೆ ಆಗ್ತದ್ಯಾ ನೋಡಿ” ಎಂದು ಸಿಡಿ ಮುಂದೆ ಹಿಡಿದಳು. “ಈ ಸಲ ಬಿದ್ರೆ ನಾ ಸಾಣಿಕಟ್ಟೆಗೆ ಹೋಗಿ ಉಪ್ಪು ಹೊರೂದೇಯ.”

ನನ್ನದು ಕ್ಯಾಸೆಟ್ಟಿನ ಮಿಷಿನ್ನು. ಅದಕ್ಕೂ ಸಿಡಿಗೂ ಮುಖ ಪರಿಚಯವೇ ಇಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲು ನನಗೆ ಬಾರದು. ಮಾರನೆಯ ದಿನ ಸಿಡಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಭಟ್ಕಳದ ಬಸ್ ಹತ್ತಿದೆ.

ಭಟ್ಕಳದಲ್ಲಿ ಮೀರಾನ್ ಸಾಹೇಬರು ಎಂಬವರಿದ್ದರು. ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು. ಮದುವೆಯ ವೀಡಿಯೋಗಳನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಲ್ಲಿಗೆ ಕಳಿಸುವ ಅಂಗಡಿ. ಕಂಪ್ಯೂಟರಿನ ಹಿಂದಿನಿಂದ ತಂತಿ ಎಳೆದು ಪರದೆಯ ಮೇಲೆ ಬಂದದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿಯಬಲ್ಲರು. ಸಿಡಿ ಹಾಕಿದ ಕೂಡಲೇ ಬಿಳಿ ಕೋಟಿನ ಒಬ್ಬ ಡಾಕ್ಟರಮ್ಮ ಬಂದು, ಪ್ಲಾಸ್ಟಿಕ್ ಮಗುವಿನ ಗೊಂಬೆ ಹಿಡಿದು ಪಾಠ ಶುರುಮಾಡಿದಳು. ಸ್ವಲ್ಪ ಹೇಳುವುದು, ಒಂದು ಪ್ರಶ್ನೆ ಕೇಳುವುದು, ಆಮೇಲೆ ಬಾಯಿಮುಚ್ಚಿ ಕಣ್ಣು ಮಿಟುಕಿಸುತ್ತ ನಗುವುದು. ಉತ್ತರದ ಗುಂಡಿ ಒತ್ತುವವರೆಗೂ ಆಕೆ ಹಾಗೆಯೇ ಕಾಯುತ್ತಾಳೆ. ಸಾಹೇಬರು ಮೊದಮೊದಲು ಕೂತು ಒತ್ತಿದರು. ಆಮೇಲೆ ಗಿರಾಕಿ ಬಂದರು, ಫೋನ್ ಬಂತು, ನಮಾಜಿನ ಹೊತ್ತಾಯಿತು. ಒಳಗೆ ಡಾಕ್ಟರಮ್ಮ ನಗುತ್ತ ಕಾಯುತ್ತಿದ್ದಳು, ಕ್ಯಾಸೆಟ್ ತಿರುಗುತ್ತಿತ್ತು. ನಾನು ಹೊರಗೆ ಕೂತು ಸುಲೈಮಾನಿ ಚಾ ಕುಡಿಯುತ್ತ, ಕೆಲಸ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ.

ಕ್ಯಾಸೆಟ್ ಏನೋ ಆಯಿತು. ನರ್ಸಬಾಯಿಯ ಮನೆಯಲ್ಲಿ ಟೀವಿ ಇತ್ತು, ಪ್ಲೇಯರ್ ಇರಲಿಲ್ಲ. ನನ್ನಲ್ಲಿದ್ದದ್ದು ಒಂದೇ ಪ್ಲೇಯರ್, ಅದರ ಬಾಲಕ್ಕೆ ಊರೆಲ್ಲ ಕಟ್ಟಿಕೊಂಡಿದೆ. ಆಕೆಯೊಬ್ಬಳಿಗೆ ತೋರಿಸಬೇಕೆಂದರೂ ಎಲ್ಲರಿಗೂ ತೋರಿಸಬೇಕು. ಮಧ್ಯಾಹ್ನ ಮೂರು ಗಂಟೆಗೆ ಯಾರು ನೋಡುತ್ತಾರೆ, ಎಲ್ಲ ನಿದ್ದೆಯಲ್ಲಿರುತ್ತಾರೆ ಎಂದು ಹಾಕಿಯೇಬಿಟ್ಟೆ.

ಅರ್ಧ ತಾಸಿನೊಳಗೆ ಶೆಡ್ಡಿನ ಮುಂದೆ ಜನ. ಎಲ್ಲರಿಗಿಂತ ಮುಂದೆ ತಿಮ್ಮಿ. ಬುಟ್ಟಿಯಲ್ಲಿ ಮೀನು ಹೊತ್ತು ಮಾರುವವಳು, ನಮ್ಮ ಕೇರಿಯ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದ ಹಳೆಯ ಸೂಲಗಿತ್ತಿ.

“ಎಂತ ತಮಾ ಇದು, ನಡು ಮಧ್ಯಾಹ್ನ ಬಾಣಂತಿ ಕೋಣೆ ಬಾಗ್ಲು ತೆಗ್ದಿಟ್ಯಲ್ಲ? ಮನೇಲಿ ಗಂಡಸ್ರು ಬಾಯಿ ಬಿಟ್ಕಂಡ್ ನೋಡ್ತಾ ಕೂತವ್ರೆ.”

ಅವಳ ಹಿಂದೆ ನಿಂತ ಹಿರಿಯರು ಇದು ಮರ್ಯಾದಸ್ಥರ ಊರು, ನಾಳೆಯಿಂದ ಇದೆಲ್ಲ ನಡೆಯಕೂಡದು ಎಂದರು. ಸಮಾಧಾನದಿಂದ ಹೇಳಿದ್ದರೆ ನಾನು ನಿಲ್ಲಿಸುತ್ತಿದ್ದೆನೋ ಏನೋ. ‘ನಡೆಯಕೂಡದು’ ಎಂದದ್ದು ಕೆಟ್ಟಿತು. ನೀವೆಲ್ಲ ಆಕಾಶದಿಂದ ಉದುರಿದವರೋ ಎಂದು ಕೇಳಿದೆ. ಬೇಡದವರು ಟೀವಿ ಬಂದ್ ಮಾಡಿ ಮಲಗಿ, ಹೆಚ್ಚು ಮಾತಾಡಿದರೆ ಸಂಜೆಯ ಸಿನಿಮಾದ ಹೊತ್ತಿಗೂ ಇದನ್ನೇ ಹಾಕುತ್ತೇನೆ ಎಂದೆ. ಸಿನಿಮಾದ ಹೆಸರು ಬಂದ ಮೇಲೆ ಜನ ಚದುರಿದರು.

ಟೀವಿ ಬಂದ್ ಮಾಡುತ್ತೇನೆಂದು ಹೋದವರು ಯಾರೂ ಬಂದ್ ಮಾಡಲಿಲ್ಲ. ಏನು ಕೆಟ್ಟದ್ದು ಬರುತ್ತದೆ ಎಂದು ತಿಳಿಯಲು ಮಾರನೆಯ ದಿನವೂ ನೋಡಿದರು. ಆಗ ಮೀರಾನ್ ಸಾಹೇಬರು ನಮಾಜಿಗೆ ಎದ್ದುಹೋದ ಜಾಗ ಬಂತು. ಡಾಕ್ಟರಮ್ಮ ಕೇಳಿದಳು: ಮಗು ಹುಟ್ಟಿದೆ, ಅಳುತ್ತಿಲ್ಲ. ನೀವು ಮೊದಲು ಏನು ಮಾಡುವಿರಿ? ಕೇಳಿ ನಗುತ್ತ ಕೂತಳು. ಕೂತೇ ಇದ್ದಳು.

ಬೇರೆ ಊರಿನವರಾದರೆ ಕೇಬಲ್ ಕೆಟ್ಟಿತು ಎಂದುಕೊಳ್ಳುತ್ತಿದ್ದರು. ನಮ್ಮವರು ಹಾಗಲ್ಲ. ಯಾರಾದರೂ ಕೇಳಿ ಸುಮ್ಮನೆ ಕೂತರೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ. ಮನೆ ಮನೆಯಲ್ಲೂ ಉತ್ತರ ಹೊರಟಿತು. ಗಂಗಾಳ ಬಡಿಯಬೇಕು ಎಂದರು ಒಬ್ಬರು. ತಣ್ಣೀರು ಚಿಮುಕಿಸಬೇಕು ಎಂದರು ಇನ್ನೊಬ್ಬರು. ಕಾಲು ಹಿಡಿದು ತಲೆ ಕೆಳಗೆ ಮಾಡಿ ಬೆನ್ನಿಗೊಂದು ಕೊಡಬೇಕು ಎಂದು ತಿಮ್ಮಿ ಬೇಲಿಯಾಚೆಗೆ ಕೂಗಿದಳು. ಜಗಳ ಅಂಗಳಕ್ಕೆ ಬಂತು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುವವಳಂತೆ ಕಣ್ಣು ಮಿಟುಕಿಸುತ್ತಿದ್ದಳು. ಕೊನೆಗೆ ಬಾಯಿ ತೆರೆದು, ಮೊದಲು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆಚ್ಚಗೆ ಇಡಿ, ತಲೆ ಕೆಳಗೆ ಮಾಡಬೇಡಿ, ಹೊಡೆಯಬೇಡಿ ಎಂದಳು. ತಿಮ್ಮಿ ಆ ದಿನ ಸಂಜೆಯ ಸಿನಿಮಾ ನೋಡಲಿಲ್ಲವೆಂದು ಸುದ್ದಿ.

ಅಲ್ಲಿಂದ ಮೂರು ಗಂಟೆಗೆ ಕುರ್ವೆಯಲ್ಲಿ ನಿದ್ದೆ ಮಾಡುವವರಿಲ್ಲ. ಡಾಕ್ಟರಮ್ಮ ಕೇಳುವ ಮೊದಲೇ ಉತ್ತರ ಹೇಳುವ ಚಟ ಹಿಡಿಯಿತು. ಬಲೆ ಹೊಲಿಯುವ ಗಂಡಸರು ಕೂಡ ಕೈ ತೊಳೆಯುವ ಕ್ರಮದ ಮೇಲೆ ವಾದ ಮಾಡಿದರು. ಕ್ಯಾಸೆಟ್ ಮುಗಿದರೆ ಮತ್ತೆ ಮೊದಲಿನಿಂದ ಹಾಕಿಸಿದರು.

ಇದರಲ್ಲಿ ಸಿಕ್ಕಿಬಿದ್ದವಳು ನರ್ಸಬಾಯಿ. ಆಕೆ ಪಾಠ ನೋಡಿದಳು, ಸರಿ. ಆದರೆ ಈಗ ಆಕೆ ಎಲ್ಲಿ ಕಾಲಿಟ್ಟರೂ ಪರೀಕ್ಷೆ. ಬಾಣಂತಿಯ ಮನೆಗೆ ಹೋದರೆ ಅತ್ತೆ, ಅತ್ತೆಯ ಅತ್ತೆ ಎಲ್ಲ ಸುತ್ತ ಕೂತು, ಡಾಕ್ಟರಮ್ಮ ಹೇಳಿದಷ್ಟು ಹೊತ್ತು ನೀನು ಕೈ ತೊಳೆಯಲಿಲ್ಲ ಎನ್ನುತ್ತಿದ್ದರು. ಆಕೆಯ ಒಂದು ದೋಷವೆಂದರೆ ಅವಸರ. ಮಗು ಅಳದ ಸಂದರ್ಭವನ್ನು ಅಭ್ಯಾಸ ಮಾಡುವಾಗ ಒರೆಸುವುದನ್ನು ಬಿಟ್ಟು ನೇರ ಉಸಿರಿನ ಚೀಲಕ್ಕೆ ಕೈ ಹಾಕುತ್ತಿದ್ದಳು. ಮುಖಕ್ಕೆ ಮುಚ್ಚಿ ಅದುಮಿದರೆ ಮಗುವಿನೊಳಗೆ ಗಾಳಿ ಹೋಗುವ ರಬ್ಬರ್ ಚೀಲ ಅದು. ಮೊದಲ ಪರೀಕ್ಷೆಯಲ್ಲಿ ಬಿದ್ದದ್ದೂ ಅದರಲ್ಲೇ. ಉಪಕೇಂದ್ರದ ಜಗಲಿಯಲ್ಲಿ ದಿಂಬಿಗೆ ಬಟ್ಟೆ ಸುತ್ತಿ ಮಗು ಮಾಡಿಕೊಂಡು ಆಕೆ ಅಭ್ಯಾಸ ಮಾಡುವುದು, ಮೀನು ಮಾರಿ ಬಂದ ತಿಮ್ಮಿ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ನೋಡುವುದು. ಬೆನ್ನಿಗೊಂದು ಕೊಡಬೇಕು ಎಂದವಳೇ ಈಗ ಡಾಕ್ಟರಮ್ಮನ ಪಕ್ಷ ಸೇರಿದ್ದಳು. ನರ್ಸಬಾಯಿಯ ಕೈ ಉಸಿರಿನ ಚೀಲದ ಕಡೆ ಹೊರಟರೆ ಸಾಕು, “ಮೊದ್ಲು ಒರ್ಸೇ ಮಾರಾಯ್ತಿ” ಎಂದು ಬೊಬ್ಬೆ.

“ನೀನೇ ನರ್ಸ್ ಆಗು ಹಂಗಾರೆ” ಎಂದು ಆಕೆ ದಿಂಬು ಎಸೆಯುತ್ತಿದ್ದಳು. ತಿಮ್ಮಿ ದಿಂಬನ್ನು ಎತ್ತಿ, ಒರೆಸಿ, ಬೆಚ್ಚಗೆ ಸುತ್ತಿ ವಾಪಸು ಕೊಡುತ್ತಿದ್ದಳು.

ಕೊನೆಯ ಪರೀಕ್ಷೆ ಕುಮಟೆಯಲ್ಲಿ. ಮೂರು ತಾಲೂಕಿನವರಿಗೂ ಒಂದೇ ಕಡೆ. ನನಗೆ ಆ ದಿನ ಕುಮಟೆಯಲ್ಲಿ ತಂತಿ ಕೊಳ್ಳುವ ಕೆಲಸವಿತ್ತು. ಇರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಹೇಗೋ, ನಾನು ಕಿಟಕಿಯ ಹೊರಗೆ ನಿಂತಿದ್ದೆ.

ಮೇಜಿನ ಮೇಲೆ ಗೊಂಬೆ. ಪರೀಕ್ಷೆಗೆ ಬಂದ ದೊಡ್ಡ ಡಾಕ್ಟರಮ್ಮ, ಇವರು ಕ್ಯಾಸೆಟ್ಟಿನವರಲ್ಲ, ವಯಸ್ಸಾದವರು, ಮಗು ಅಳುತ್ತಿಲ್ಲ ಎಂದರು. ನಮ್ಮ ನರ್ಸಬಾಯಿಯ ಕೈ ನೇರ ಚೀಲದ ಕಡೆ ಹೊರಟಿತು. ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದೆ. ಆಕೆಯ ಕೈ ಅರ್ಧದಲ್ಲಿ ನಿಂತಿತು.

“ಮೊದ್ಲು ಒರ್ಸೇ ಮಾರಾಯ್ತಿ” ಎಂದು ಆಕೆಯೇ ತಿಮ್ಮಿಯ ದನಿಯಲ್ಲಿ, ದೋಣಿ ಕರೆಯುವಷ್ಟು ಗಟ್ಟಿಯಾಗಿ ಹೇಳಿ ಬಟ್ಟೆ ತೆಗೆದುಕೊಂಡಳು. ಒರೆಸಿದಳು, ಸುತ್ತಿದಳು, ತಲೆ ಸರಿ ಮಾಡಿದಳು, ಆಮೇಲೆ ಚೀಲ. ಗೊಂಬೆಯ ಎದೆ ಏರಿತು, ಇಳಿಯಿತು, ಏರಿತು.

ದೊಡ್ಡ ಡಾಕ್ಟರಮ್ಮ ನಕ್ಕು, ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದು ಕೇಳಿದರು. ಸಿಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆಕೆ ಸಾಣಿಕಟ್ಟೆಯವಳು, ಬಯಲಲ್ಲಿ ಉಪ್ಪು ಒಣಗಿಸುವ ಊರು, ಏನನ್ನೂ ಮುಚ್ಚಿಡಲು ಬರುವುದಿಲ್ಲ. ಕೇಬಲ್ಲು, ಕ್ಯಾಸೆಟ್ಟು, ತಿಮ್ಮಿ, ಇಡೀ ಕುರ್ವೆ, ಎಲ್ಲವನ್ನೂ ಹೇಳಿದಳು. ಕಿಟಕಿಯಲ್ಲಿದ್ದ ನನ್ನನ್ನೂ ತೋರಿಸಿದಳು.

ಶ್ರೀಧರ ತನ್ನ ಅಂಕಗಳ ಕಾಗದ ಬಿಡಿಸಿದ. ಈಕೆ ಡಿಶ್ ಅಲ್ಲ, ಇಂಟರ್ನೆಟ್ ಅಲ್ಲ, ಈಗ ಸಿಡಿಯೂ ಅಲ್ಲ, ನಾನು ಯಾವ ಸಾಲಿಗೆ ಹಾಕಲಿ ಎಂದು ಕೇಳಿದ. ಮೂರರಲ್ಲೂ ಇಲ್ಲದವರ ಅಂಕ ನಿಲ್ಲುವುದಿಲ್ಲ ಎಂದ. ಅಂಕ ನಿಲ್ಲದಿದ್ದರೆ ಪಾಸಿಲ್ಲ, ಪಾಸಿಲ್ಲದಿದ್ದರೆ ಕೆಲಸವಿಲ್ಲ. ನಾನು ಬಾಗಿಲಿಂದ ಒಳಗೆ ನುಗ್ಗಿದೆ. ಏನು ಹೇಳಿದೆ ಎಂದು ಬರೆಯುವುದಿಲ್ಲ, ಮನೆಯಲ್ಲಿ ಹೆಂಗಸರು ಮಕ್ಕಳು ಓದುತ್ತಾರೆ. ಒಟ್ಟಿನಲ್ಲಿ ನಾಲ್ಕನೆಯ ಸಾಲು ಗೀಚಲು ನಿನ್ನ ಪೆನ್ನಿಗೆ ಬರುವುದಿಲ್ಲವೇ ಎಂಬುದು ನನ್ನ ಅರ್ಥ.

“ಆನಂದಣ್ಣ, ನೀವು ಕೂತ್ಕಳಿ. ಇದು ನನ್ನ ಜಗಳ” ಎಂದಳು ನರ್ಸಬಾಯಿ. ನನಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇಲ್ಲ. ಕೂತೆ.

ಆಕೆ ಶ್ರೀಧರನ ಕಡೆ ತಿರುಗಿ, ಗಟ್ಟಿ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದಳು: “ಸರ್, ನಿಮ್ಮ ವರದೀಲಿ ನಂಗೆ ಜಾಗ ಇಲ್ದಿದ್ರೆ ಬೇಡ. ನಾಳೆ ಕುರ್ವೇಲಿ ಒಂದು ಮಗು ಅಳದೇ ಹುಟ್ಟಿದ್ರೆ, ನಾ ಎಲ್ಲಿ ಕಲ್ತೆ ಹೇಳಿ ಅದು ಕೇಳೂದಿಲ್ಲ. ಗೊಂಬೆ ಎದೆ ಏರ್ತೋ ಇಲ್ವೋ, ಅದೊಂದು ಹೇಳಿ.”

ದೊಡ್ಡ ಡಾಕ್ಟರಮ್ಮ ಕನ್ನಡಕ ತೆಗೆದರು. ಏರಿತು, ನಾನು ನೋಡಿದ್ದೇನೆ ಎಂದರು. ಪರೀಕ್ಷೆ ಮಾಡಿದವಳು ನಾನು, ಈಕೆ ಪಾಸು ಎಂದು ಇಲಾಖೆಗೆ ನಾನು ತಿಳಿಸುತ್ತೇನೆ. ತೂಕ ನೋಡುವುದು ನಿಮ್ಮ ಕೆಲಸ, ನಿಮ್ಮ ತಕ್ಕಡಿಯಿಂದ ಈಕೆಯನ್ನು ಬೇಕಾದರೆ ಇಳಿಸಿಕೊಳ್ಳಿ ಎಂದೂ ಅವರೇ ಹೇಳಿದರು. ಶ್ರೀಧರ ಬೆವರು ಒರೆಸಿಕೊಂಡು ಒಪ್ಪಿದ. ಅವನಿಗೂ ಸಮಾಧಾನವೇ ಆದಂತೆ ಕಂಡಿತು.

ಹಾಗೆ ಆಕೆಯ ಕೆಲಸ ಉಳಿಯಿತು, ನಾನು ಹಸ್ತಕ್ಷೇಪವಾದೆ. ವರದಿಯ ಕೊನೆಗೆ ಏನು ಬರೆದಿದ್ದಾರೆ ಗೊತ್ತೇ? ಡಿಶ್, ಸಿಡಿ, ಇಂಟರ್ನೆಟ್, ಮೂರರ ಫಲವೂ ಹೆಚ್ಚುಕಡಿಮೆ ಒಂದೇ, ಇನ್ನೂ ಅಧ್ಯಯನ ಆಗಬೇಕು. ಇಷ್ಟು ಹೇಳಲು ಅಷ್ಟು ದಪ್ಪದ ಪುಸ್ತಕ.

ಕುಮಟೆಯಿಂದ ಬಂದ ಮಾರನೆಯ ದಿನ ಆಕೆ ಶೆಡ್ಡಿಗೆ ಬಂದಳು. ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಾನು ಅಂಗಿ ಹಾಕಿಕೊಂಡು ಕೂತೆ. ಆಕೆ ಕೈಚೀಲದಿಂದ ರಕ್ತದೊತ್ತಡ ನೋಡುವ ಪಟ್ಟಿ ತೆಗೆದಳು. ನಿನ್ನೆ ಕುಮಟೆಯಲ್ಲಿ ಕೂಗಾಡುವಾಗ ನಿಮ್ಮ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು, ಕೈ ಕೊಡಿ ಎಂದಳು. ನನ್ನದು ಸಿಟ್ಟು, ಕಾಯಿಲೆಯಲ್ಲ ಎಂದೆ. ಅದನ್ನು ಪಟ್ಟಿ ಹೇಳಲಿ ಎಂದಳು.

“ನನ್ನ ಹತ್ರ ಕೊಡೂಕೆ ಬೇರೆ ಎಂತದೂ ಇಲ್ಲ ಆನಂದಣ್ಣ. ನಂಗೆ ಬರೂದು ಇದೇಯ. ಋಣ ಇಟ್ಕಂಬೂಕೆ ನಂಗಾಗೂದಿಲ್ಲ.”

ಋಣ ಗಿಣ ಎಂದದ್ದಕ್ಕೇ ನನಗೆ ಮತ್ತೆ ಸಿಟ್ಟು ಬಂತು. ಇಂಥ ಸಿಟ್ಟಿನಲ್ಲಿ ನೋಡಿದರೆ ಪಟ್ಟಿಯೇ ಹರಿದೀತು ಎಂದು ಹೇಳಿ ಕಂಬ ಹತ್ತಿಬಿಟ್ಟೆ. ಆ ದಿನ ಯಾವ ತಂತಿಯೂ ಕೆಟ್ಟಿರಲಿಲ್ಲ. ಆಕೆ ಕೆಳಗೆ ಬಹಳ ಹೊತ್ತು ನಿಂತು ಬೈದು ಹೋದಳು.

ಆಮೇಲೆ ಎಷ್ಟೋ ವರ್ಷ ಇದು ನಡೆಯಿತು. ಆಕೆ ಬರುವುದು, ನಾನು ಜಾರಿಕೊಳ್ಳುವುದು. ನನ್ನ ಹೆಂಡತಿಯದು ನೋಡಿದಳು, ತಿಮ್ಮಿಯದು ನೋಡಿದಳು, ಮೀನು ಕೊಳ್ಳಲು ಬಂದ ಪರ ಊರಿನವರದೂ ನೋಡಿದಳು. ಕುರ್ವೆಯಲ್ಲಿ ಅಳದೇ ಹುಟ್ಟಿದ ಎರಡು ಮೂರು ಮಕ್ಕಳನ್ನು ಒರೆಸಿ, ಸುತ್ತಿ, ಅಳುವಂತೆ ಮಾಡಿದಳು. ಅವು ಈಗ ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಡಿಶ್ಶಿಗೆ ಕಲ್ಲು ಹೊಡೆಯುತ್ತವೆ.

ಎರಡು ಸಾವಿರದ ಒಂಬತ್ತರಲ್ಲಿ ಆಕೆಯ ನೌಕರಿ ಖಾಯಂ ಆಯಿತು, ಭಟ್ಕಳದ ಜಾಲಿಯ ಕಡೆಗೆ ವರ್ಗವೂ ಆಯಿತು. ಹೊರಡುವ ದಿನ ಟ್ರಂಕು ದೋಣಿಗೆ ಹಾಕಿದವನು ನಾನೇ. ಆಕೆ ದಡದ ಮೇಲೆ ನಿಂತು, ಎಲ್ಲರ ಎದುರು, ಆ ಪಟ್ಟಿ ತೆಗೆದಳು. ಕೈ ಚಾಚಿದ್ದರೆ ಮುಗಿಯುತ್ತಿತ್ತು. ಊರೆಲ್ಲ ನೋಡುತ್ತಿತ್ತು, ತಿಮ್ಮಿ ನಗುತ್ತಿದ್ದಳು. ನೀರು ಇಳಿಯುತ್ತಿದೆ, ದೋಣಿ ಬಿಡಬೇಕು ಎಂದು ಅಂಬಿಗನಿಗೆ ಕೂಗಿದೆ.

“ಹಂಗಾರೆ ಬಾಕಿ ಹಾಂಗೇ ಇರ್ಲಿ” ಎಂದು ಆಕೆ ದೋಣಿ ಹತ್ತಿದಳು. ನಡು ಹೊಳೆಯಿಂದ ಇನ್ನೇನೋ ಕೂಗಿದಳು, ಬೈದದ್ದೇ ಇರಬೇಕು.

ಈಗಲೂ ಕೆಲವು ರಾತ್ರಿ ಕುತ್ತಿಗೆಯ ನರ ಬಡಿದುಕೊಳ್ಳುತ್ತದೆ. ಹೊನ್ನಾವರದಲ್ಲಿ ಡಾಕ್ಟರಿದ್ದಾರೆ, ತೋರಿಸಿಕೊಂಡು ಬನ್ನಿ ಎನ್ನುತ್ತಾಳೆ ಹೆಂಡತಿ. ನಾನು ಹೋಗುವುದಿಲ್ಲ. ಅದು ನರ್ಸಬಾಯಿ ಕೊಡಬೇಕಾದ ಬಾಕಿ, ಬೇರೆ ಯಾರಿಂದಲೋ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಜಾಲಿಗೆ ಬಸ್ಸುಗಳು ಬೇಕಾದಷ್ಟಿವೆ. ಒಂದು ದಿನವೂ ಹತ್ತಿಲ್ಲ.